ಫ್ಲ್ಯಾಗರ್: ಸಾಕಷ್ಟು ಟ್ರಾಫಿಕ್ ಇದ್ದರೆ ನಂಬಬಹುದಾದ ಕಾವಲು

ಹೊಸ ವರ್ಷನ್ ಅನ್ನು ಒಮ್ಮೆಗೇ ಎಲ್ಲರ ಮೇಲೆ ಬಿಡದೆ, ಮೊದಲು ನೂರಕ್ಕೆ ಹತ್ತು ರಿಕ್ವೆಸ್ಟ್‌ಗಳನ್ನು ಅದರ ಕಡೆ ತಿರುಗಿಸಿ, ಅಳೆದು ನೋಡಿ, ಸರಿಯಿದ್ದರೆ ಮುಂದಕ್ಕೆ ಒಯ್ದು, ಕೆಟ್ಟಿದ್ದರೆ ವಾಪಸ್ ತರುವುದು ಕ್ಯಾನರಿ ಬಿಡುಗಡೆ. ಕಂಟೇನರ್‌ಗಳಲ್ಲಿ ಆ್ಯಪ್‌ಗಳನ್ನು ಓಡಿಸುವ ಕುಬರ್ನೆಟೀಸ್‌ನಲ್ಲಿ ಇದಕ್ಕಾಗಿ ಯಾರೋ ಗ್ರಫಾನಾದ ಗ್ರಾಫ್‌ಗಳ ಮುಂದೆ ಕಣ್ಣಿಟ್ಟು ಕೂರುವುದನ್ನು ಫ್ಲ್ಯಾಗರ್ ತಪ್ಪಿಸುತ್ತದೆ. 2018ರಲ್ಲಿ ವೀವ್‌ವರ್ಕ್ಸ್ ಕಂಪನಿಯಲ್ಲಿ ಹುಟ್ಟಿದ ಟೂಲ್ ಇದು. ಈಗ ಕ್ಲೌಡ್‌ನ ಓಪನ್ ಸೋರ್ಸ್ ಯೋಜನೆಗಳನ್ನು ನೋಡಿಕೊಳ್ಳುವ ಸಿಎನ್‌ಸಿಎಫ್ ಸಂಸ್ಥೆಯ ಫ್ಲಕ್ಸ್ ಕುಟುಂಬದ್ದು. 2024ರಲ್ಲಿ ವೀವ್‌ವರ್ಕ್ಸ್ ಬಾಗಿಲು ಹಾಕಿದ ಮೇಲೂ ಇದರ ಕೆಲಸ ನಿಂತಿಲ್ಲ. ಅಪಾಚೆ 2.0 ಲೈಸೆನ್ಸ್, ಹಣ ಕೊಡಬೇಕಾಗಿಲ್ಲ.

ಇದರ ದೊಡ್ಡ ಗುಣ, ನಿಮ್ಮ ಡಿಪ್ಲಾಯ್‌ಮೆಂಟ್ ಫೈಲನ್ನು (ಯಾವ ಆ್ಯಪ್, ಎಷ್ಟು ಪ್ರತಿ ಓಡಬೇಕು ಎಂದು ಹೇಳುವ ಫೈಲ್) ಬೇರೆ ಬಗೆಯದಾಗಿ ಬರೆಯಲು ಹೇಳುವುದಿಲ್ಲ. ಇದೇ ಕೆಲಸದ ಇನ್ನೊಂದು ಟೂಲ್ ಆರ್ಗೋ ರೋಲ್‌ಔಟ್ಸ್‌ನಲ್ಲಿ ಸಾಮಾನ್ಯವಾಗಿ ಡಿಪ್ಲಾಯ್‌ಮೆಂಟ್ ತೆಗೆದು ಅದರ ಜಾಗಕ್ಕೆ 'ರೋಲ್‌ಔಟ್' ಬರೆಯಬೇಕು. ಇಲ್ಲಿ ಪಕ್ಕದಲ್ಲಿ ಒಂದು 'ಕ್ಯಾನರಿ' ಫೈಲ್ ಇಟ್ಟರೆ ಸಾಕು. 'ಪಾಡ್‌ಇನ್ಫೋ' ಎಂಬ ಆ್ಯಪ್ ಇದ್ದರೆ ಫ್ಲ್ಯಾಗರ್ ತಾನೇ 'ಪಾಡ್‌ಇನ್ಫೋ-ಪ್ರೈಮರಿ' ಎಂಬ ನಕಲು ಮಾಡಿ ಟ್ರಾಫಿಕ್ಕನ್ನೆಲ್ಲ ಅದಕ್ಕೆ ಕೊಟ್ಟು, ಮೂಲ ಡಿಪ್ಲಾಯ್‌ಮೆಂಟಿನ ಪಾಡ್‌ಗಳನ್ನು (ಓಡುವ ಪ್ರತಿಗಳನ್ನು) ಸೊನ್ನೆಗೆ ಇಳಿಸುತ್ತದೆ. ಮುಂದೆ ಇಮೇಜ್ (ಆ್ಯಪ್‌ನ ಪ್ಯಾಕೇಜ್) ಬದಲಾದರೆ, ಅಥವಾ ಆ್ಯಪ್ ಬಳಸುವ ಕಾನ್ಫಿಗ್‌ಮ್ಯಾಪ್ (ಸೆಟ್ಟಿಂಗ್‌ಗಳು), ಸೀಕ್ರೆಟ್ (ಪಾಸ್‌ವರ್ಡ್‌ನಂಥವು) ಬದಲಾದರೂ ಸರಿ, ಕ್ಯಾನರಿ ಶುರು. ಕಾನ್ಫಿಗ್ ತಿದ್ದುವಾಗ ಆಗುವ ಅನಾಹುತಗಳು ಕಡಿಮೆಯೇನಲ್ಲ, ಹಾಗಾಗಿ ಈ ಸೌಲಭ್ಯವೊಂದಕ್ಕೇ ಪೂರ್ತಿ ಅಂಕ ಕೊಡಬಹುದು.

ಆದರೆ ಈ ಹೆಸರು ಬದಲಾವಣೆಯೇ ಮೊದಲ ವಾರದ ತಲೆನೋವು. ಪ್ರೈಮರಿ ಪಾಡ್‌ಗಳ 'ಆ್ಯಪ್' ಲೇಬಲ್ ಕೂಡ 'ಪಾಡ್‌ಇನ್ಫೋ-ಪ್ರೈಮರಿ' ಆಗುತ್ತದೆ. ಹಳೆಯ ಲೇಬಲ್ ನೋಡುವ ಪಿಡಿಬಿ (ಕನಿಷ್ಠ ಎಷ್ಟು ಪಾಡ್ ಉಳಿಯಬೇಕೆಂಬ ನಿಯಮ), ನೆಟ್‌ವರ್ಕ್ ಪಾಲಿಸಿ, ಅಲರ್ಟ್ ನಿಯಮಗಳೆಲ್ಲ ಖಾಲಿ ಡಿಪ್ಲಾಯ್‌ಮೆಂಟನ್ನು ಕಾಯುತ್ತಾ ಕೂರುತ್ತವೆ. ಅಸಲಿ ಪಾಡ್‌ಗಳಿಗೆ ರಕ್ಷಣೆಯೇ ಇರುವುದಿಲ್ಲ. ಅಳವಡಿಸುವ ಮೊದಲೇ ಇವನ್ನು ತಿದ್ದಿಕೊಳ್ಳಿ. ಪಾಡ್‌ಗಳಿಗೆ ಟ್ರಾಫಿಕ್ ತಲುಪಿಸುವ ವಿಳಾಸವಾದ ಸರ್ವಿಸನ್ನೂ ಫ್ಲ್ಯಾಗರ್ ತಾನೇ ನೋಡಿಕೊಳ್ಳುವುದರಿಂದ ಹೆಲ್ಮ್ ಚಾರ್ಟ್‌ನಲ್ಲಿ (ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್‌ಗಳ ಕಟ್ಟು) ಇರುವ ಅದೇ ಹೆಸರಿನ ಸರ್ವಿಸ್ ತೆಗೆಯಬೇಕು. ಗಿಟ್‌ನಲ್ಲಿರುವ ಡಿಪ್ಲಾಯ್‌ಮೆಂಟ್‌ನಿಂದ ರೆಪ್ಲಿಕಾ (ಪಾಡ್) ಸಂಖ್ಯೆಯನ್ನೂ ಅಳಿಸಿ. ಇಲ್ಲವಾದರೆ ಫ್ಲ್ಯಾಗರ್ ಸೊನ್ನೆ ಮಾಡಿದ್ದನ್ನು, ಎಲ್ಲವನ್ನೂ ಗಿಟ್‌ನಲ್ಲಿದ್ದಂತೆಯೇ ಇಡುವ ಗಿಟ್‌ಆಪ್ಸ್ ಟೂಲ್ ಮತ್ತೆ ಮೂರಕ್ಕೋ ಐದಕ್ಕೋ ಏರಿಸುತ್ತಿರುತ್ತದೆ.

ಈಗ ಅಳತೆಯ ಲೆಕ್ಕ. ಇಂಟರ್ವಲ್ (ಎಷ್ಟು ಹೊತ್ತಿಗೊಮ್ಮೆ ಅಳೆಯಬೇಕು) 1 ನಿಮಿಷ, ಸ್ಟೆಪ್‌ವೇಟ್ (ಪ್ರತಿ ಸಲ ಏರಿಸುವ ಟ್ರಾಫಿಕ್ ಶೇಕಡಾ) 10, ಮ್ಯಾಕ್ಸ್‌ವೇಟ್ (ಆ ಏರಿಕೆಯ ಮಿತಿ) 50, ಥ್ರೆಶೋಲ್ಡ್ (ಎಷ್ಟು ಸಲ ಸೋತರೆ ವಾಪಸ್) 5 ಎಂದುಕೊಳ್ಳೋಣ. ಎಲ್ಲ ಸರಿಯಿದ್ದರೆ ಪರೀಕ್ಷೆಗೆ ಕನಿಷ್ಠ 5 ನಿಮಿಷ. ಕೆಟ್ಟಿದ್ದರೆ ರೋಲ್‌ಬ್ಯಾಕ್‌ಗೂ 5 ನಿಮಿಷ, ಅಷ್ಟು ಹೊತ್ತು ಹೊಸ ವರ್ಷನ್ ತನ್ನ ಪಾಲಿನ ಬಳಕೆದಾರರಿಗೆ ತಪ್ಪು ಉತ್ತರ ಕೊಡುತ್ತಲೇ ಇರುತ್ತದೆ. ಟ್ರಾಫಿಕ್ ಚೆನ್ನಾಗಿದ್ದರೆ ಥ್ರೆಶೋಲ್ಡ್ 2 ಸಾಕು.

ಟ್ರಾಫಿಕ್ ಚೆನ್ನಾಗಿದೆ ಎನ್ನಲು ಎಷ್ಟಿರಬೇಕು? ಸಕ್ಸೆಸ್ ರೇಟ್ (ತಪ್ಪಿಲ್ಲದ ಉತ್ತರಗಳ ಶೇಕಡಾ) ಕನಿಷ್ಠ 99 ಎಂದು ಇಟ್ಟರೆ, ಒಂದೇ ಒಂದು ಎರರ್‌ಗೆ ಕ್ಯಾನರಿ ಫೇಲ್ ಆಗದಿರಲು ಆ ನಿಮಿಷದಲ್ಲಿ ಅದಕ್ಕೆ 100 ರಿಕ್ವೆಸ್ಟ್‌ಗಳಾದರೂ ಬರಬೇಕು. ಹತ್ತು ಶೇಕಡಾ ಪಾಲಿನಲ್ಲಿ 100 ಎಂದರೆ ಒಟ್ಟು ನಿಮಿಷಕ್ಕೆ 1000, ಸೆಕೆಂಡಿಗೆ ಸುಮಾರು 17. ನಿಮಿಷಕ್ಕೆ 60 ರಿಕ್ವೆಸ್ಟ್ ಬರುವ ಸರ್ವಿಸ್‌ನಲ್ಲಿ ಕ್ಯಾನರಿಗೆ ಸಿಗುವುದು ಆರು. ಒಂದು ತಪ್ಪಿದರೆ 83 ಶೇಕಡಾ. ಅಂಥ ಕಡೆ ಇಂಟರ್ವಲ್ಲನ್ನೂ ಮೆಟ್ರಿಕ್‌ನ (ಅಳತೆಯ) ಇಂಟರ್ವಲ್ಲನ್ನೂ ಹದಿನೇಳು ನಿಮಿಷಕ್ಕಾದರೂ ಏರಿಸಬೇಕು. ಏನೂ ಟ್ರಾಫಿಕ್ ಇಲ್ಲದಿದ್ದರೆ 'ನೋ ವ್ಯಾಲ್ಯೂಸ್ ಫೌಂಡ್' ಎಂಬ ಸಂದೇಶ ಬರುತ್ತದೆ, ಅದೂ ಸೋಲಿನ ಲೆಕ್ಕಕ್ಕೇ ಸೇರುತ್ತದೆ. ನಡುರಾತ್ರಿ ಬಿಟ್ಟ ವರ್ಷನ್ ಕಾರಣವಿಲ್ಲದೆ ವಾಪಸಾದರೆ ಮೊದಲು ಇದನ್ನೇ ನೋಡಿ. ಅಳತೆಗಳನ್ನು ಕೂಡಿಡುವ ಪ್ರೊಮೀಥಿಯಸ್ ನಿಮಿಷಕ್ಕೊಮ್ಮೆ ಮಾತ್ರ ಸ್ಕ್ರೇಪ್ ಮಾಡುತ್ತಿದ್ದರೂ (ಅಂಕಿ ಎತ್ತುತ್ತಿದ್ದರೂ) ಇದೇ ಗತಿ: ದರ ಕಟ್ಟಲು ಎರಡು ಬಿಂದು ಬೇಕು, ಒಂದೇ ಸಿಗುತ್ತದೆ. ಸ್ಕ್ರೇಪ್ 15 ಸೆಕೆಂಡಿಗೆ ಇಳಿಸಿ.

ಟ್ರಾಫಿಕ್ ಕೊರತೆ ತುಂಬಲು ಇದರ ಜೊತೆಗೇ ಕೃತಕ ರಿಕ್ವೆಸ್ಟ್ ಕಳಿಸುವ ಲೋಡ್‌ಟೆಸ್ಟರ್ ಇದೆ. ಒಳಗಿರುವ 'ಹೇ' ಟೂಲಿಗೆ ಎರಡು ವರ್ಕರ್, ತಲಾ ಸೆಕೆಂಡಿಗೆ 10 ಎಂದು ಹೇಳಿದರೆ ನಿಮಿಷಕ್ಕೆ 1200 ರಿಕ್ವೆಸ್ಟ್. ಅದನ್ನು ಹೆಲ್ತ್ ಚೆಕ್ ವಿಳಾಸಕ್ಕೆ ಮಾತ್ರ ಬಿಡಬೇಡಿ. ಆ 1200 ಹಸಿರು ಉತ್ತರಗಳ ನಡುವೆ ನಿಜವಾದ ಗ್ರಾಹಕರ ಹತ್ತು ಎರರ್‌ಗಳು ಮುಳುಗಿ, ಸಕ್ಸೆಸ್ ರೇಟ್ 99 ದಾಟಿಬಿಡುತ್ತದೆ. ಲಾಗಿನ್, ಹುಡುಕಾಟ, ಪಾವತಿಯಂಥ ನಿಜವಾದ ದಾರಿಗಳನ್ನೇ ತುಳಿಸಬೇಕು.

ಒಳಗೇ ಬರುವ ಮೆಟ್ರಿಕ್‌ಗಳ ಮೇಲೆ ನಮ್ಮ ಮುಖ್ಯ ದೂರು ಇದು: ಸಕ್ಸೆಸ್ ರೇಟ್ ಎಣಿಸುವಾಗ 5ರಿಂದ ಶುರುವಾಗುವ ಎಚ್‌ಟಿಟಿಪಿ ಉತ್ತರ ಕೋಡ್‌ಗಳು (ಸರ್ವರ್‌ನ ತಪ್ಪುಗಳು) ಮಾತ್ರ ತಪ್ಪು. ಹೊಸ ವರ್ಷನ್ ಲಾಗಿನ್ ಟೋಕನ್ ಓದಲಾರದೆ ಎಲ್ಲರಿಗೂ 401 (ಗುರುತು ಒಪ್ಪಿಲ್ಲ) ಕೊಟ್ಟರೂ ಫ್ಲ್ಯಾಗರ್ ಪಾಲಿಗೆ ಅದು ನೂರಕ್ಕೆ ನೂರು, ಮೇಲಾಗಿ ಉತ್ತರವೂ ಚುರುಕು. ಹಾಗಾಗಿ ಹೊಸ ಅಳತೆ ಸೇರಿಸಲು ಇರುವ ಮೆಟ್ರಿಕ್‌ಟೆಂಪ್ಲೇಟ್‌ನಲ್ಲಿ 4ರ ಕೋಡ್‌ಗಳ ಪ್ರಮಾಣ ಅಳೆಯುವ ಸ್ವಂತ ಕ್ವೆರಿಯೊಂದನ್ನು ಮೊದಲ ದಿನವೇ ಬರೆದಿಡಿ. ಆರ್ಡರ್ ಎಷ್ಟು ಪೂರ್ತಿಯಾದವು ಎಂಬಂಥ ವ್ಯವಹಾರದ ಅಳತೆ ಸಿಕ್ಕರೆ ಇನ್ನೂ ಒಳ್ಳೆಯದು.

ಕ್ಯೂನಿಂದ ಸಂದೇಶ ಎತ್ತುವ ವರ್ಕರ್‌ಗಳಿಗೆ ಇದು ಒಗ್ಗುವುದಿಲ್ಲ. ಅಲ್ಲಿ ಹಂಚಲು ಎಚ್‌ಟಿಟಿಪಿ ಟ್ರಾಫಿಕ್ಕೇ ಇಲ್ಲ, ಕ್ಯಾನರಿ ಪಾಡ್ ಎದ್ದ ಕ್ಷಣದಿಂದ ತನ್ನ ಪೂರ್ತಿ ಪಾಲನ್ನು ತಿನ್ನುತ್ತದೆ. ಡೇಟಾಬೇಸ್ ಕಾಲಂ ಅಳಿಸುವ ಅಥವಾ ಹೆಸರು ಬದಲಿಸುವ ಬಿಡುಗಡೆಯನ್ನೂ ಹೀಗೆ ಮಾಡಬೇಡಿ. ಎರಡೂ ವರ್ಷನ್ ಒಟ್ಟಿಗೆ ಓಡುತ್ತಿರುತ್ತವೆ, ಹಳೆಯದು ಆ ಕಾಲಂ ಸಿಗದೆ ಮುಗ್ಗರಿಸುತ್ತದೆ.

ಟ್ರಾಫಿಕ್ ಹಂಚಲು ಇಸ್ಟಿಯೊ, ಲಿಂಕರ್ಡಿ, ಕಾಂಟೂರ್, ಗೇಟ್‌ವೇ ಎಪಿಐ ಹೀಗೆ ಏನಾದರೊಂದು ಇರಲೇಬೇಕು. ಬರೀ ಕುಬರ್ನೆಟೀಸ್ ಇದ್ದರೆ ಬ್ಲೂ-ಗ್ರೀನ್ (ಟ್ರಾಫಿಕ್ಕನ್ನೆಲ್ಲ ಒಮ್ಮೆಗೇ ಹೊಸದಕ್ಕೆ ತಿರುಗಿಸುವುದು) ಅಷ್ಟೇ. ಹೊರಗಿನ ಟ್ರಾಫಿಕ್ಕನ್ನು ಒಳಬಿಡುವ ಇಂಗ್ರೆಸ್ ಎನ್‌ಜಿನ್‌ಎಕ್ಸ್ ಯೋಜನೆಯನ್ನು ನಿಲ್ಲಿಸುವುದಾಗಿ ಕುಬರ್ನೆಟೀಸ್ ಬಳಗ 2025ರ ನವೆಂಬರ್‌ನಲ್ಲಿ ಹೇಳಿದೆ, ಹೊಸದಾಗಿ ಶುರುಮಾಡುವವರು ಗೇಟ್‌ವೇ ಎಪಿಐ ಹಿಡಿಯುವುದು ಕ್ಷೇಮ. ಬಟನ್ ಒತ್ತಿ ಮುಂದಕ್ಕೆ ಕಳಿಸುವ ಡ್ಯಾಶ್‌ಬೋರ್ಡ್ ಬೇಕೆನ್ನುವವರಿಗೆ ಆರ್ಗೋ ರೋಲ್‌ಔಟ್ಸ್ ಹೆಚ್ಚು ಒಪ್ಪುತ್ತದೆ. ಫ್ಲ್ಯಾಗರ್‌ನಲ್ಲಿ ಮನುಷ್ಯರ ಒಪ್ಪಿಗೆಗೆ 'ಕನ್ಫರ್ಮ್-ಪ್ರಮೋಷನ್' ವೆಬ್‌ಹುಕ್ (ಮುಂದುವರಿಯಲೇ ಎಂದು ಕೇಳುವ ಎಚ್‌ಟಿಟಿಪಿ ಕರೆ) ಕಟ್ಟಬೇಕು.

ಇನ್ನೊಂದು ಮಾತು, ರೋಲ್‌ಬ್ಯಾಕ್ ಆದ ಮೇಲೆ ಗಿಟ್‌ನಲ್ಲಿ ಹೊಸ ವರ್ಷನ್ ಇರುತ್ತದೆ, ಓಡುತ್ತಿರುವುದು ಹಳೆಯದು. ಫ್ಲ್ಯಾಗರ್ ತಾನಾಗಿ ಮತ್ತೆ ಪ್ರಯತ್ನಿಸುವುದಿಲ್ಲ, ಗಿಟ್ಟನ್ನೂ ತಿದ್ದುವುದಿಲ್ಲ. ಅಲರ್ಟ್‌ಪ್ರೊವೈಡರ್ ಮೂಲಕ ಸ್ಲ್ಯಾಕ್‌ಗೋ ಟೀಮ್ಸ್‌ಗೋ ಸುದ್ದಿ ಹೋಗುವಂತೆ ಮಾಡದಿದ್ದರೆ, ತಮ್ಮ ಕೋಡ್ ಪ್ರೊಡಕ್ಷನ್‌ನಲ್ಲಿದೆ ಎಂದೇ ತಂಡ ವಾರಗಟ್ಟಲೆ ನಂಬಿಕೊಂಡಿರಬಹುದು.