ಟ್ಯಾರೋ ಕಲಿಯಲು ಯಾವ ಪುಸ್ತಕ? ನಾಲ್ಕು ಬಗೆ ಓದಿದ ಮೇಲೆ ನನ್ನ ಆಯ್ಕೆ

ಟ್ಯಾರೋ, ಅಂದರೆ ಚಿತ್ರವಿರುವ 78 ಕಾರ್ಡುಗಳಲ್ಲಿ ಅರ್ಥ ಓದುವ ಪದ್ಧತಿ, ಕಲಿಯೋಣ ಅಂತ ಹೊರಟಾಗ ನಾನು ಕೊಂಡದ್ದು ಇದ್ದುದರಲ್ಲೇ ದಪ್ಪನೆಯ ಪುಸ್ತಕ. ದಪ್ಪ ಇದ್ದರೆ ಎಲ್ಲವೂ ಇರುತ್ತದೆ ಅಂತ ನಂಬಿದ್ದೆ. ಆರು ತಿಂಗಳು ಅದರ ಜೊತೆ ಗುದ್ದಾಡಿದೆ. ಈಗ ದಿನಾ ಬೆಳಿಗ್ಗೆ ನಾನು ತೆರೆಯುವುದು ಅದರ ಅರ್ಧದಷ್ಟೂ ಇಲ್ಲದ ಒಂದು ಅಭ್ಯಾಸ ಪುಸ್ತಕವನ್ನು. ನನ್ನ ಓಟು ಅದಕ್ಕೇ, ಮೊದಲೇ ಹೇಳಿಬಿಡುತ್ತೇನೆ.

ನಾನು ಬಳಸಿ ನೋಡಿದ್ದು ನಾಲ್ಕು ಬಗೆ. ಡೆಕ್ (ಕಾರ್ಡುಗಳ ಕಟ್ಟು) ಜೊತೆ ಪೆಟ್ಟಿಗೆಯಲ್ಲೇ ಬರುವ ಪುಟ್ಟ ಪುಸ್ತಿಕೆ. ಪ್ರತಿ ಕಾರ್ಡಿಗೂ ರಾಶಿ ರಾಶಿ ಅರ್ಥ ಕೊಡುವ, ನಿಘಂಟಿನ ಥರದ ದಪ್ಪ ಪುಸ್ತಕ. ಚಿತ್ರ ನೋಡಿ ನೀವೇ ಬರೆಯಿರಿ ಅನ್ನುವ ಅಭ್ಯಾಸ ಪುಸ್ತಕ. ಕೊನೆಗೆ, ಬ್ರಿಟಿಷ್ ಲೇಖಕ ಆರ್ಥರ್ ಎಡ್ವರ್ಡ್ ವೇಟ್ ತಮ್ಮ ಡೆಕ್‌ಗೆ ತಾವೇ ಬರೆದ, 1911ರಲ್ಲಿ ಚಿತ್ರಗಳ ಸಮೇತ ಬಂದ ಹಳೆಯ ಪುಸ್ತಕ.

ದಪ್ಪ ಪುಸ್ತಕದ ಕಿರಿಕಿರಿ ಮೊದಲ ವಾರವೇ ಶುರುವಾಯಿತು. ಆಗ ನನ್ನ ಹತ್ತಿರ ಇದ್ದದ್ದು ಗೆಳತಿ ಕೊಟ್ಟ ಮಾರ್ಸೇ ಮಾದರಿಯ, ಅಂದರೆ ಹಳೆಯ ಫ್ರೆಂಚ್ ಶೈಲಿಯ ಡೆಕ್. ಒಂದು ದಿನ ಕಪ್ಸ್ ಐದು, ಅಂದರೆ ಬಟ್ಟಲುಗಳ ಗುಂಪಿನ ಐದನೆಯ ಕಾರ್ಡು ಬಂತು. ಪುಸ್ತಕ ತೆರೆದೆ. ಕಪ್ಪು ನಿಲುವಂಗಿ ಹೊದ್ದವನು ತಲೆ ತಗ್ಗಿಸಿ ನಿಂತಿರುವುದು ನಷ್ಟದ ಗುರುತು ಅಂತ ಬರೆದಿತ್ತು. ನನ್ನ ಕಾರ್ಡಿನಲ್ಲಿ ಮನುಷ್ಯನೇ ಇಲ್ಲ! ಐದು ಬಟ್ಟಲು, ನಡುವೆ ಎಲೆ ಬಳ್ಳಿ, ಅಷ್ಟೇ. ನಾನೇ ಬೇರೆ ಯಾವುದೋ ಕಾರ್ಡ್ ತೆಗೆದಿದ್ದೇನೆ ಅಂದುಕೊಂಡು 78 ಕಾರ್ಡನ್ನೂ ನೆಲದ ಮೇಲೆ ಹರಡಿ ಆ ಕಪ್ಪು ನಿಲುವಂಗಿಯವನನ್ನು ಹುಡುಕಿದೆ. ಎಲ್ಲೂ ಸಿಗಲಿಲ್ಲ.

ಅವನು ಇರುವುದು ಬೇರೆ ಡೆಕ್‌ನಲ್ಲಿ. ಮಾರ್ಸೇ ಡೆಕ್‌ನಲ್ಲಿ ಮೈನರ್ ಅರ್ಕಾನಾದ (ಬಟ್ಟಲು, ಕತ್ತಿ, ಕೋಲು, ನಾಣ್ಯ ಅನ್ನುವ ನಾಲ್ಕು ಗುಂಪಿನ ಸಣ್ಣ ಕಾರ್ಡುಗಳು) ಒಂದರಿಂದ ಹತ್ತರವರೆಗಿನ ಕಾರ್ಡುಗಳು ಇಸ್ಪೀಟಿನ ಎಲೆಗಳ ಹಾಗೆ. ಐದು ಅಂದರೆ ಐದು ಬಟ್ಟಲು, ಏಳು ಅಂದರೆ ಏಳು ಕತ್ತಿ. ಟ್ಯಾರೋ ಹುಟ್ಟಿದ್ದೇ 15ನೇ ಶತಮಾನದ ಇಟಲಿಯಲ್ಲಿ ಆಡುವ ಎಲೆಗಳಾಗಿ, ಹಾಗಾಗಿ ಅದು ಸಹಜವೇ. 1909ರಲ್ಲಿ ಲಂಡನ್ನಿನಲ್ಲಿ ವೇಟ್ ಅವರ ಡೆಕ್ ಬಂದಾಗ, ಚಿತ್ರ ಬರೆದ ಪಮೇಲಾ ಕೋಲ್ಮನ್ ಸ್ಮಿತ್ ಈ ಸಣ್ಣ ಕಾರ್ಡುಗಳಿಗೂ ಒಂದೊಂದು ದೃಶ್ಯ ಕೊಟ್ಟರು. ಈಗ ಸಿಗುವ ಬಹುಪಾಲು ಕೈಪಿಡಿಗಳು ಆ ದೃಶ್ಯಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದವು. ನನ್ನದೂ ಹಾಗೇ. ಆದರೆ ಅದನ್ನು ಮುಖಪುಟದಲ್ಲಿ ಹೇಳಿರಲಿಲ್ಲ, ಮುನ್ನುಡಿಯಲ್ಲೂ ಹೇಳಿರಲಿಲ್ಲ. ಒಂದೇ ಒಂದು ಸಾಲು ಹಾಕಿದ್ದರೆ ಸಾಕಿತ್ತು.

ಇದಕ್ಕಿಂತ ಜಾಸ್ತಿ ನೋವಾದದ್ದು ಇನ್ನೊಂದು ವಿಷಯಕ್ಕೆ. ಮೇಜರ್ ಅರ್ಕಾನಾದ, ಅಂದರೆ ಒಂದೊಂದಕ್ಕೂ ತನ್ನದೇ ಚಿತ್ರವಿರುವ 22 ದೊಡ್ಡ ಕಾರ್ಡುಗಳಿಗಾದರೂ ಪುಸ್ತಕ ಸರಿಹೋಗುತ್ತದೆ ಅಂದುಕೊಂಡೆ. ನನ್ನ ಡೆಕ್‌ನಲ್ಲಿ ಹೆಸರುಗಳೆಲ್ಲ ಫ್ರೆಂಚಿನಲ್ಲಿ, ನನಗೆ ಫ್ರೆಂಚ್ ಬರುವುದಿಲ್ಲ. ಪುಸ್ತಕದ ಚಿತ್ರಗಳೋ ಕಪ್ಪು ಬಿಳುಪು, ಅಂಚೆ ಚೀಟಿಯಷ್ಟು ದೊಡ್ಡವು. ಹಾಗಾಗಿ ನಂಬರ್ ನೋಡಿ ಅರ್ಥ ಹುಡುಕುತ್ತಿದ್ದೆ. 8 ಬಂದರೆ 8ರ ಪುಟ, 11 ಬಂದರೆ 11ರ ಪುಟ. ಮಾರ್ಸೇಯಲ್ಲಿ 8 ಅಂದರೆ ನ್ಯಾಯ, 11 ಅಂದರೆ ಶಕ್ತಿ. ವೇಟ್ ಡೆಕ್‌ನಲ್ಲಿ ಇವೆರಡು ಅದಲು ಬದಲು. ಮೂರು ವಾರ ನಾನು ತಕ್ಕಡಿ ಹಿಡಿದು ಕೂತವಳ ಎದುರಿಗೆ ‘ಒಳಗಿನ ಧೈರ್ಯ, ತಾಳ್ಮೆ’ ಅಂತ ಬರೆದುಕೊಂಡೆ. ಸಿಂಹದ ಬಾಯಿ ಹಿಡಿದವಳ ಎದುರಿಗೆ ‘ತೀರ್ಪು, ಲೆಕ್ಕಾಚಾರ’. ನೋಟ್‌ಬುಕ್ಕಿನ ಆ ಪುಟಗಳನ್ನೆಲ್ಲ ಹೊಡೆದುಹಾಕಿ ಮತ್ತೆ ಬರೆದೆ.

ಅದಲು ಬದಲು ಯಾಕೆ ಅಂತ ವೇಟ್ ಪುಸ್ತಕದಲ್ಲಿ ಹುಡುಕಿದರೆ, ತಮಗೆ ಒಪ್ಪಿಗೆಯಾದ ಕಾರಣಗಳಿವೆ ಅಂತಷ್ಟೇ ಹೇಳಿ ಅವರು ಮುಂದೆ ಹೋಗುತ್ತಾರೆ. ಗೋಲ್ಡನ್ ಡಾನ್ ಅನ್ನುವ ಬ್ರಿಟಿಷ್ ಗುಪ್ತವಿದ್ಯೆಯ ಕೂಟದವರು ಕಾರ್ಡುಗಳನ್ನು ರಾಶಿಗಳಿಗೆ ಜೋಡಿಸಿದ್ದರು, ವೇಟ್ ಆ ಕೂಟದಲ್ಲಿದ್ದವರು ಅನ್ನುವುದು ಗೊತ್ತಾದಾಗ ನನಗೆ ತಿಳಿಯಾಯಿತು. ಅವರ ಜೋಡಣೆಯಲ್ಲಿ 7 ಕಟಕ, 9 ಕನ್ಯಾ. ನಡುವೆ ಸಿಂಹ ಬರಬೇಕು, ಸಿಂಹ ಇರುವುದು ಶಕ್ತಿಯ ಕಾರ್ಡಿನಲ್ಲಿ. 10 ಗುರು ಗ್ರಹಕ್ಕೆ. ಆಮೇಲೆ ತುಲಾ, ಅಂದರೆ ತಕ್ಕಡಿ, ಅಂದರೆ ನ್ಯಾಯ. ಎಷ್ಟು ಸರಳ ಅಲ್ವಾ? ಅಷ್ಟು ದಪ್ಪ ಪುಸ್ತಕದಲ್ಲಿ ಇದಕ್ಕೆ ಜಾಗ ಇರಲಿಲ್ಲ.

ಕೊನೆಗೆ ವೇಟ್ ಸ್ಮಿತ್ ಡೆಕ್ಕನ್ನೇ ಕೊಂಡೆ. ಆಗಲೂ ದಪ್ಪ ಪುಸ್ತಕ ಒಗ್ಗಲಿಲ್ಲ. ಒಂದು ಕಾರ್ಡಿಗೆ ಇಪ್ಪತ್ತು ಮೂವತ್ತು ಪದ ಕೊಟ್ಟರೆ ಮನಸ್ಸಿಗೆ ಹಿತವಾದದ್ದನ್ನೇ ಕೈ ಆರಿಸಿಕೊಳ್ಳುತ್ತದೆ. ನೆಟ್ಟಗೆ ಬಂದರೆ ಒಂದು ಅರ್ಥ, ತಲೆಕೆಳಗಾಗಿ ಬಂದರೆ ಇನ್ನೊಂದು ಅಂತ ಇಟ್ಟುಕೊಂಡರೆ 156 ಆಯಿತು. ಬಾಯಿಪಾಠ ಮಾಡಲು ಹೊರಟೆ, ಕಪ್ಸ್ ದಾಟುವಷ್ಟರಲ್ಲಿ ವಾಂಡ್ಸ್ (ಕೋಲಿನ ಗುಂಪು) ಮರೆತಿತ್ತು.

ಅಭ್ಯಾಸ ಪುಸ್ತಕದಲ್ಲಿ ಅದೇ ಕಪ್ಸ್ ಐದರ ಪುಟ ತೆರೆದೆ. ಮೇಲೆ ದೊಡ್ಡ ಬಣ್ಣದ ಚಿತ್ರ. ಕೆಳಗೆ ಅರ್ಥ ಇಲ್ಲ, ಪ್ರಶ್ನೆಗಳು. ಇವನು ಯಾವ ಬಟ್ಟಲುಗಳನ್ನು ನೋಡುತ್ತಿದ್ದಾನೆ? ಯಾವುದನ್ನು ನೋಡುತ್ತಿಲ್ಲ? ಚೆಲ್ಲಿಬಿದ್ದ ಮೂರು ಅವನ ಕಣ್ಣೆದುರಿಗಿವೆ. ಬೆನ್ನ ಹಿಂದೆ ಎರಡು ನೆಟ್ಟಗೆ ನಿಂತಿವೆ. ಆಚೆ ಹೊಳೆ, ಹೊಳೆಗೆ ಸೇತುವೆ, ಸೇತುವೆ ದಾಟಿದರೆ ಕಟ್ಟಡ. ಇದನ್ನೆಲ್ಲ ನಾನೇ ನೋಡಿ ಬರೆದ ಮೇಲೆ, ಹಾಳೆ ತಿರುವಿದರೆ ಅರ್ಥ. ಕಾರ್ಡುಗಳು ನಾಳೆಯ ಸುದ್ದಿ ಹೇಳುತ್ತವೆ ಅಂತ ನಾನು ಅವುಗಳ ಎದುರು ಕೂರುವುದಿಲ್ಲ. ನನ್ನ ಮನಸ್ಸಿನಲ್ಲಿ ಏನಿದೆ ಅಂತ ನೋಡಲು ಕೂರುತ್ತೇನೆ. ಅದಕ್ಕೆ ಈ ದಾರಿ ಚೆನ್ನಾಗಿ ಹೊಂದುತ್ತದೆ.

ಇದರಲ್ಲೂ ಕೊರತೆ ಇದೆ. ಪೇಜ್, ನೈಟ್, ಕ್ವೀನ್, ಕಿಂಗ್ ಸೇರಿ 16 ಆಸ್ಥಾನದ ಕಾರ್ಡುಗಳನ್ನು ಬೇಗ ಬೇಗ ಮುಗಿಸಿಬಿಟ್ಟಿದ್ದಾರೆ. ಕಲಿಯುವವರು ಜಾಸ್ತಿ ಎಡವುವುದೇ ಅಲ್ಲಿ. ಇಂಕು ಪೆನ್ನಿನಲ್ಲಿ ಬರೆದರೆ ಹಿಂದಿನ ಪುಟಕ್ಕೆ ಇಳಿಯುತ್ತದೆ.

ಪೆಟ್ಟಿಗೆಯ ಪುಸ್ತಿಕೆ: ಕಾರ್ಡಿಗೆ ಎರಡು ಮೂರು ಸಾಲು. ಪ್ರಯಾಣಕ್ಕೆ ಸರಿ, ಕಲಿಯಲು ಸಾಲದು.

ವೇಟ್ ಪುಸ್ತಕ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಬಿಡಬೇಡಿ. ಹತ್ತು ಕಾರ್ಡುಗಳ ಸೆಲ್ಟಿಕ್ ಕ್ರಾಸ್ ಸ್ಪ್ರೆಡ್ (ಕಾರ್ಡುಗಳನ್ನು ಹರಡಿ ಓದುವ ಒಂದು ಕ್ರಮ) ಅದರಲ್ಲೇ ಇದೆ. ಆದರೆ ಭಾಷೆ ಭಾರ. ಹಿಂದಿನವರ ಜೊತೆ ವಾದವೇ ಪುಟಗಟ್ಟಲೆ ಇದೆ, ಹೊಸಬರಿಗೆ ಆ ಹಿಂದಿನವರು ಯಾರು ಅಂತಲೇ ಗೊತ್ತಿರುವುದಿಲ್ಲ. ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ.

ನನ್ನ ಲೆಕ್ಕ ಇಷ್ಟು. ನನಗೆ ಬೆಳಿಗ್ಗೆ ಸಿಗುವುದು ಹದಿನೈದು ನಿಮಿಷ, ಒಂದು ಕಾರ್ಡು, ಒಂದು ಪುಟ ಬರಹ. ಬೆಲೆಯಲ್ಲಿ ಅಭ್ಯಾಸ ಪುಸ್ತಕ ದಪ್ಪ ಪುಸ್ತಕಕ್ಕಿಂತ ಕಡಿಮೆ. ಮೊದಲು ಅದನ್ನೇ ಕೊಂಡಿದ್ದರೆ ಉಳಿದ ದುಡ್ಡಿಗೆ ವೇಟ್ ಡೆಕ್ಕೂ ಬರುತ್ತಿತ್ತು. ನೆನಪಿನ ಶಕ್ತಿ ಚೆನ್ನಾಗಿದ್ದು, ಬೇರೆಯವರಿಗೆ ಕಾರ್ಡ್ ಓದಬೇಕು, ಬೇಗ ಅರ್ಥ ಬೇಕು ಅನ್ನುವವರಿಗೆ ದಪ್ಪ ಪುಸ್ತಕವೇ ಹೊಂದಬಹುದು. ಯಾವುದನ್ನು ಕೊಂಡರೂ ಎರಡು ಪುಟ ತೆರೆದು ನೋಡಿ. ಶಕ್ತಿ ಕಾರ್ಡಿನ ನಂಬರ್ ನಿಮ್ಮ ಡೆಕ್‌ನಲ್ಲಿ ಇರುವುದೇ ಇದೆಯಾ? ಕಪ್ಸ್ ಐದರ ಪುಟದಲ್ಲಿ ಹೇಳಿದ ಚಿತ್ರ ನಿಮ್ಮ ಕೈಯಲ್ಲಿದೆಯಾ? ಮಾರ್ಸೇ ಡೆಕ್ ಇಷ್ಟವಾದವರು ಮಾರ್ಸೇಗೆ ಅಂತಲೇ ಬರೆದದ್ದನ್ನು ಕೊಳ್ಳಿ. ಥಾತ್ ಅನ್ನುವ ಇನ್ನೊಂದು ಬಗೆಯ ಡೆಕ್‌ಗೂ ಇದೇ ಮಾತು. ಅದರಲ್ಲಿ ಕೆಲವು ಕಾರ್ಡುಗಳ ಹೆಸರೇ ಬೇರೆ, ಪೇಜ್ ಬದಲು ಪ್ರಿನ್ಸೆಸ್ ಇರುತ್ತಾಳೆ.

ಕಪ್ಸ್ ಐದು ಹೋದ ವಾರ ಮತ್ತೆ ಬಂತು. ಮೊದಲ ಸಲ ನಾನು ಬರೆದಿದ್ದೆಲ್ಲ ಆ ಮೂರು ಬಟ್ಟಲಿನ ಬಗ್ಗೆ. ಈ ಸಲ ಪುಸ್ತಕದ ಪ್ರಶ್ನೆಗಳನ್ನು ಓದದೆಯೇ ಕೂತೆ. ಒಂದು ಪುಟ ಪೂರ್ತಿ ಸೇತುವೆಯ ಬಗ್ಗೆ ಬರೆದೆ.