ಚಿತ್ರ ಕಲಿಯುವವರ ಮೊದಲ ಸಾಮಾನು: ದುಡ್ಡು ಹಾಕಬೇಕಾದ್ದು ಬಣ್ಣಕ್ಕಲ್ಲ, ಹಾಳೆಗೆ

ಚಿತ್ರ ಬರೆಯಲು ಹೊರಟವರು ಹೆಚ್ಚಾಗಿ ಮೊದಲು ಕೊಳ್ಳುವುದು ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರುವ ಕಿಟ್. 36 ಬಣ್ಣದ ಬಿಲ್ಲೆ, 12 ಬ್ರಷ್, 24 ಪೆನ್ಸಿಲ್, ಜೊತೆಗೆ ಒಂದು ತೆಳು ಸ್ಕೆಚ್ ಪುಸ್ತಕ. ಮುಚ್ಚಳ ತೆಗೆದಾಗ ಕಣ್ಣಿಗೆ ಹಬ್ಬ, ನಿಜ. ಆದರೆ ಅಂಥ ಪೆಟ್ಟಿಗೆಯಲ್ಲಿ ದುಡ್ಡು ಎಣಿಕೆಗೆ ಹೋಗಿರುತ್ತದೆ, ಗುಣಕ್ಕಲ್ಲ. 12 ಬ್ರಷ್‌ಗಳಲ್ಲಿ ಒಂದಕ್ಕೂ ಮೊನೆ ನಿಲ್ಲುವುದಿಲ್ಲ, 36 ಬಣ್ಣಗಳಲ್ಲಿ ಅರ್ಧದಷ್ಟು ನೀವೇ ಎರಡು ನಿಮಿಷದಲ್ಲಿ ಬೆರೆಸಿಕೊಳ್ಳಬಹುದಾದವು, ಪುಸ್ತಕದ ಹಾಳೆ ಒಂದು ತೊಟ್ಟು ನೀರಿಗೆ ಸುರುಳಿಯಾಗುತ್ತದೆ. ಕಲಿಯುವವರು ಅದನ್ನು ತಮ್ಮ ಕೈಯ ತಪ್ಪು ಅಂದುಕೊಂಡು ಬಿಟ್ಟುಬಿಡುತ್ತಾರೆ. ಬಹಳ ಸಲ ಅದು ಕೈಯ ತಪ್ಪಲ್ಲ.

ಅದೇ ದುಡ್ಡಿನಲ್ಲಿ ಬಿಡಿಬಿಡಿಯಾಗಿ ಕೊಂಡರೆ ಸಾಮಾನಿನ ಸಂಖ್ಯೆ ಕಡಿಮೆಯಾಗುತ್ತದೆ, ಕೆಲಸ ಚೆನ್ನಾಗುತ್ತದೆ. ಆದರೆ ಯಾವುದಕ್ಕೆ ಎಷ್ಟು ಹಾಕಬೇಕು ಎಂಬುದು ಗೊತ್ತಿರಬೇಕು. ಜಲವರ್ಣಕ್ಕಾದರೆ ನಮ್ಮ ಲೆಕ್ಕ ಸ್ಪಷ್ಟ: ಮೊದಲು ಹಾಳೆ, ಆಮೇಲೆ ಬ್ರಷ್, ಕೊನೆಗೆ ಬಣ್ಣ. ಅಂಗಡಿಗಳಲ್ಲಿ ಇದನ್ನು ತಲೆಕೆಳಗಾಗಿ ಮಾರುತ್ತಾರೆ.

ಹಾಳೆಯ ದಪ್ಪವನ್ನು ಜಿಎಸ್‌ಎಂ ಲೆಕ್ಕದಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂದು. ಜೆರಾಕ್ಸ್ ಹಾಳೆ 70ರಿಂದ 80. ಪೆನ್ಸಿಲ್ ಅಭ್ಯಾಸಕ್ಕೆ 100ರಿಂದ 120 ಸಾಕು, ಇಟ್ಟುಕೊಳ್ಳುವಂಥ ರೇಖಾಚಿತ್ರಕ್ಕೆ 150ರ ಮೇಲೆ. ಜಲವರ್ಣಕ್ಕೆ 300 ಜಿಎಸ್‌ಎಂ. ಇದರಲ್ಲಿ ರಾಜಿ ಬೇಡ. 180, 200ರ ಹಾಳೆಯ ಮೇಲೂ 'ಜಲವರ್ಣಕ್ಕೆ' ಎಂದು ಅಚ್ಚು ಹಾಕಿರುತ್ತಾರೆ. ನೀರು ಬಿದ್ದ ಜಾಗ ಹಿಗ್ಗಿ ಏಳುತ್ತದೆ, ಪಕ್ಕದ ಒಣ ಜಾಗ ಹಾಗೇ ಇರುತ್ತದೆ, ಹಾಳೆಯಲ್ಲಿ ದಿಣ್ಣೆ ತಗ್ಗು ಏಳುತ್ತವೆ. ಬಣ್ಣವೆಲ್ಲ ತಗ್ಗಿಗೆ ಹರಿದು ನಿಂತು, ಒಣಗಿದ ಮೇಲೆ ಆಕಾಶದಲ್ಲಿ ಪಟ್ಟೆ ಬೀಳುತ್ತದೆ.

ದಪ್ಪದಷ್ಟೇ ಮುಖ್ಯವಾದದ್ದು ಹಾಳೆಗೆ ಹಾಕಿದ ಗಂಜಿ. ಇದನ್ನು ಸೈಜಿಂಗ್ ಅನ್ನುತ್ತಾರೆ. ಬಟ್ಟೆಗೆ ಗಂಜಿ ಹಾಕಿದ ಹಾಗೆ ಒಳ್ಳೆಯ ಜಲವರ್ಣದ ಹಾಳೆಗೆ ಜಿಲೆಟಿನ್ ಅಥವಾ ಅಂಥದ್ದೇ ಲೇಪ ಕೊಟ್ಟಿರುತ್ತಾರೆ. ಅದು ನೀರನ್ನು ಮೇಲೆಯೇ ಸ್ವಲ್ಪ ಹೊತ್ತು ಹಿಡಿದಿಡುತ್ತದೆ. ಒದ್ದೆ ಇರುವಾಗಲೇ ಇನ್ನೊಂದು ಬಣ್ಣ ಬಿಡಲು, ತಪ್ಪಿದ್ದನ್ನು ಎತ್ತಿ ತೆಗೆಯಲು ಸಮಯ ಸಿಗುವುದು ಅದರಿಂದ. ಗಂಜಿ ಸಾಲದ ಹಾಳೆ ಒತ್ತುಹಾಳೆಯಂತೆ ಬಣ್ಣ ಕುಡಿದುಬಿಡುತ್ತದೆ.

ಇದನ್ನು ಕಣ್ಣಾರೆ ನೋಡಬೇಕಾದರೆ ಒಂದೇ ನೀಲಿಯನ್ನು ಒಂದೇ ಬ್ರಷ್‌ನಲ್ಲಿ ಎರಡು ಹಾಳೆಗೆ ಎಳೆಯಿರಿ, ಒಂದು ಸ್ಕೆಚ್ ಪುಸ್ತಕದ್ದು, ಇನ್ನೊಂದು 300 ಜಿಎಸ್‌ಎಂನ ಹತ್ತಿಯ ಹಾಳೆ. ಮೊದಲನೆಯದರಲ್ಲಿ ಗೆರೆ ಎಳೆದ ಕೂಡಲೇ ಹೀರಿ ಮಂಕಾಗುತ್ತದೆ, ಅಂಚಿಗೆ ಎಳೆಎಳೆಯಾಗಿ ಬಣ್ಣ ಹಬ್ಬುತ್ತದೆ, ಎರಡನೇ ಸಲ ಉಜ್ಜಿದರೆ ಹಾಳೆಯ ಮೇಲ್ಪದರ ನೂಲಿನಂತೆ ಕಿತ್ತು ಉಂಡೆಯಾಗುತ್ತದೆ. ಎರಡನೆಯದರಲ್ಲಿ ಬಣ್ಣ ಹೊಳೆಯುತ್ತಾ ನಿಂತಿರುತ್ತದೆ. ಹಾಳೆಯನ್ನು ಓರೆ ಮಾಡಿದರೆ ಗೆರೆಯ ಕೆಳಗಿನ ಅಂಚಿನಲ್ಲಿ ಒಂದು ಮಣಿಯಷ್ಟು ನೀರು ಕೂಡುತ್ತದೆ. ಆ ಮಣಿಯನ್ನೇ ಮುಂದಿನ ಗೆರೆಗೆ ಎಳೆದುಕೊಂಡು ಹೋದರೆ ಗೆರೆ ಕಾಣದ ಸಮತಟ್ಟು ಬಣ್ಣ ಬರುತ್ತದೆ. ಮೊದಲ ಹಾಳೆಯಲ್ಲಿ ಎಷ್ಟು ವರ್ಷ ಅಭ್ಯಾಸ ಮಾಡಿದರೂ ಇದು ಬರುವುದಿಲ್ಲ.

ಮರದ ತಿರುಳಿನ ಹಾಳೆ ಅಗ್ಗ, ಬೇಗ ಒಣಗುತ್ತದೆ, ಬಣ್ಣ ಎತ್ತಲು ಸುಲಭ. ಹತ್ತಿಯದು ನಿಧಾನವಾಗಿ ಒಣಗುತ್ತದೆ, ಪದರದ ಮೇಲೆ ಪದರ ತಡೆಯುತ್ತದೆ. ದಿನದ ಅಭ್ಯಾಸಕ್ಕೆ ಕ್ಯಾನ್ಸನ್ ಎಕ್ಸ್‌ಎಲ್ ತರಹದ 300 ಜಿಎಸ್‌ಎಂ ತಿರುಳಿನ ಹಾಳೆ ನಡೆಯುತ್ತದೆ. ಅದರ ಜೊತೆಗೆ ಆರ್ಶ್ ಅಥವಾ ಸಾಂಡರ್ಸ್ ವಾಟರ್‌ಫೋರ್ಡ್‌ನಂಥ ಪೂರ್ತಿ ಹತ್ತಿಯ ಒಂದು ದೊಡ್ಡ ಹಾಳೆ ಕೊಳ್ಳಿ. 22×30 ಇಂಚಿನ ಹಾಳೆಯನ್ನು ಎಂಟು ತುಂಡು ಮಾಡಿದರೆ 7.5×11 ಇಂಚಿನ ಎಂಟು ಚಿತ್ರಕ್ಕಾಗುತ್ತದೆ, ಪುಸ್ತಕ ಕೊಳ್ಳುವುದಕ್ಕಿಂತ ಸಾಮಾನ್ಯವಾಗಿ ಅಗ್ಗವೂ ಹೌದು. ಮೇಲ್ಮೈ ಕೋಲ್ಡ್ ಪ್ರೆಸ್, ಅಂದರೆ ಸ್ವಲ್ಪ ತರಿತರಿಯಾದದ್ದು, ಇರಲಿ. ಹಾಟ್ ಪ್ರೆಸ್ ತೀರಾ ನುಣುಪು, ಹೊಸಬರ ಕೈಯಲ್ಲಿ ನೀರು ಜಾರಾಡುತ್ತದೆ.

ಬ್ರಷ್ ಎರಡು ಸಾಕು: ದುಂಡನೆಯದು 8ನೇ ನಂಬರಿನದು ಒಂದು, ಒಂದು ಇಂಚಿನ ಚಪ್ಪಟೆಯದು ಒಂದು. ಬಹಳವೆಂದರೆ ಸಣ್ಣ ಕೆಲಸಕ್ಕೆ 4ನೇ ನಂಬರು. ನಂಬರು ಎಲ್ಲ ಕಂಪನಿಗೂ ಒಂದೇ ಅಲ್ಲ, ಒಬ್ಬರ 8 ಇನ್ನೊಬ್ಬರ 6ರಷ್ಟೇ ಇರಬಹುದು. ಹಾಗಾಗಿ ಹೊಟ್ಟೆಯ ಅಗಲ ನೋಡಿ ಕೊಳ್ಳಿ. 0, 00 ನಂಬರಿನ ಕೂದಲೆಳೆ ಬ್ರಷ್‌ಗಳಿಗೆ ಹೊಸಬರು ಮರುಳಾಗುತ್ತಾರೆ. ಅವು ಹಿಡಿಯುವ ನೀರು ಒಂದು ಗೆರೆಗೂ ಸಾಲದು. ಒಳ್ಳೆಯ 8ರ ಮೊನೆಯಲ್ಲಿ ರೆಪ್ಪೆಯ ಕೂದಲನ್ನೂ ಬರೆಯಬಹುದು, ಹೊಟ್ಟೆಯಲ್ಲಿ ಆಕಾಶವನ್ನೂ ತುಂಬಬಹುದು.

ಅಂಗಡಿಯಲ್ಲಿ ಬ್ರಷ್‌ನ ಮೊನೆ ಯಾವಾಗಲೂ ಚೂಪಾಗಿಯೇ ಕಾಣುತ್ತದೆ, ಅಂಟು ಹಾಕಿ ನಿಲ್ಲಿಸಿರುತ್ತಾರೆ. ನಂಬಬೇಡಿ. ಒಂದು ಲೋಟ ನೀರು ಕೇಳಿ, ಅಂಟು ಪೂರ್ತಿ ಕರಗುವಂತೆ ಆಡಿಸಿ, ಕೈ ಝಾಡಿಸಿ. ಕೂದಲು ತಾನೇ ಒಂದು ಮೊನೆಗೆ ಬಂದರೆ ಒಳ್ಳೆಯದು, ಎರಡಾಗಿ ಸೀಳಿದರೆ ವಾಪಸ್ಸು ಇಡಿ. ಆಮೇಲೆ ಅಂಗೈ ಮೇಲೆ ಒತ್ತಿ ಬಿಡಿ, ಬಾಗಿದ ಕೂದಲು ನೆಟ್ಟಗಾಗಬೇಕು. ಈ ಪುಟಿತ ಸಿಂಥೆಟಿಕ್‌ನಲ್ಲಿ ಚೆನ್ನಾಗಿರುತ್ತದೆ. ಅಳಿಲಿನ ಕೂದಲಿನದು ನೀರು ಬಹಳ ಹಿಡಿಯುತ್ತದೆ, ಪುಟಿಯುವುದಿಲ್ಲ. ಕೊಲಿನ್‌ಸ್ಕಿ ಎಂಬ ವೀಸಲ್ ಜಾತಿಯ ಪ್ರಾಣಿಯ ಕೂದಲಿನದು ಎರಡನ್ನೂ ಕೊಡುತ್ತದೆ, ಆದರೆ ಮೊದಲ ವರ್ಷಕ್ಕೆ ಅಷ್ಟು ದುಡ್ಡು ಸುರಿಯುವ ಅಗತ್ಯವಿಲ್ಲ. ಕೊಂಡ ಮೇಲೆ ಬ್ರಷ್ಷನ್ನು ನೀರಿನ ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿ ಬಿಡಬೇಡಿ. ಮೊನೆ ಬಾಗುತ್ತದೆ, ಲೋಹದ ಕೊಳವೆಯೊಳಗೆ ನೀರು ಇಳಿದು ಮರ ಉಬ್ಬುತ್ತದೆ, ಹಿಡಿಯ ಬಣ್ಣ ಸಿಪ್ಪೆ ಏಳುತ್ತದೆ, ಕಡೆಗೆ ತಲೆ ಸಡಿಲಾಗುತ್ತದೆ.

ಬಣ್ಣಕ್ಕೆ ಬಂದರೆ, ಆರು ಟ್ಯೂಬ್ ಸಾಕು. ಹೆಸರು ನೋಡಿ ಕೊಳ್ಳಬೇಡಿ, ಟ್ಯೂಬಿನ ಹಿಂದಿರುವ ಪಿಗ್ಮೆಂಟ್ (ಬಣ್ಣ ಕೊಡುವ ಪುಡಿ) ಸಂಖ್ಯೆ ನೋಡಿ. ಪಿ ಅಂದರೆ ಪಿಗ್ಮೆಂಟ್, ಮುಂದಿನ ಅಕ್ಷರ ಬಣ್ಣದ್ದು. ಪಿವೈ 154 ಹಳದಿ, ಪಿವಿ 19 ಗುಲಾಬಿ ಕೆಂಪು, ಪಿಬಿ 29 ಅಲ್ಟ್ರಾಮರೀನ್ ನೀಲಿ, ಪಿಬಿ 15:3 ಥಾಲೋ ನೀಲಿ, ಪಿವೈ 43 ಓಕರ್ (ಮಣ್ಣಿನ ಹಳದಿ), ಪಿಬಿಆರ್ 7 ಬರ್ಂಟ್ ಸಿಯೆನಾ (ಕೆಂಪು ಕಂದು). ಇವುಗಳಲ್ಲಿ ಹಸಿರಿಲ್ಲ, ಕಪ್ಪಿಲ್ಲ, ಬೇಕಾಗಿಯೂ ಇಲ್ಲ. ಅಲ್ಟ್ರಾಮರೀನ್‌ಗೆ ಬರ್ಂಟ್ ಸಿಯೆನಾ ಬೆರೆಸಿದರೆ ಮೋಡದ ಬೂದಿಯಿಂದ ಹಿಡಿದು ಹೆಚ್ಚುಕಡಿಮೆ ಕಪ್ಪಿನವರೆಗೆ ಎಲ್ಲವೂ ಸಿಗುತ್ತದೆ. ಡಬ್ಬಿಯ ಕಪ್ಪಿಗಿಂತ ಅದರಲ್ಲಿ ಜೀವವಿರುತ್ತದೆ.

ಒಂದೇ ಪಿಗ್ಮೆಂಟ್ ಇರುವ ಟ್ಯೂಬನ್ನೇ ಆರಿಸಿ ಎನ್ನುವುದಕ್ಕೆ ಕಾರಣವಿದೆ. ಸಿದ್ಧ ಹಸಿರಿನಲ್ಲಿ ಮೂರು ಪಿಗ್ಮೆಂಟ್ ಇದ್ದು, ನೀವು ಬೆರೆಸುವ ಕಂದಿನಲ್ಲಿ ಇನ್ನೂ ಎರಡಿದ್ದರೆ, ಪ್ಯಾಲೆಟ್ (ಬಣ್ಣ ಬೆರೆಸುವ ತಟ್ಟೆ) ಮೇಲೆ ಐದು ಬಣ್ಣ ಕೂಡಿದಂತಾಯಿತು. ಬಣ್ಣ ಕೆಸರಾಗುವುದು ಹೀಗೆ. ಟ್ಯೂಬಿನ ಮೇಲೆ 'ಹ್ಯೂ' ಎಂದಿದ್ದರೆ ಅದು ಆ ಹೆಸರಿನ ಮೂಲ ಪಿಗ್ಮೆಂಟ್ ಅಲ್ಲ, ಅದರಂತೆ ಕಾಣುವ ಬದಲಿ. ಮೋಸವೇನಲ್ಲ, ವಿದ್ಯಾರ್ಥಿ ದರ್ಜೆಯಲ್ಲಿ ಕ್ಯಾಡ್ಮಿಯಂನಂಥ ದುಬಾರಿ ಪಿಗ್ಮೆಂಟ್‌ಗೆ ಹಾಗೆ ಮಾಡುತ್ತಾರೆ. ಪಿಆರ್ 83, ಅಂದರೆ ಮೂಲ ಅಲಿಜರಿನ್ ಕ್ರಿಮ್ಸನ್, ಬೆಳಕಿಗೆ ಮಾಸುತ್ತದೆ, ಬೇಡ. ಸಂಖ್ಯೆಯನ್ನೇ ಅಚ್ಚು ಹಾಕದ ಬಣ್ಣವಾದರೆ ನೀವೇ ಪರೀಕ್ಷಿಸಿ: ಒಂದು ಪಟ್ಟೆ ಬಳಿದು ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ ಬಿಸಿಲು ಬೀಳುವ ಕಿಟಕಿಗೆ ಮೂರು ತಿಂಗಳು ಅಂಟಿಸಿ. ರಟ್ಟು ತೆಗೆದಾಗ ನಡುವೆ ಗೆರೆ ಕಂಡರೆ ಆ ಬಣ್ಣ ಅಭ್ಯಾಸಕ್ಕೆ ಮಾತ್ರ.

ವಿದ್ಯಾರ್ಥಿ ದರ್ಜೆಯಲ್ಲಿ ವಿನ್ಸರ್ ಅಂಡ್ ನ್ಯೂಟನ್‌ನ ಕಾಟ್‌ಮನ್, ರಾಯಲ್ ಟಾಲೆನ್ಸ್‌ನ ವ್ಯಾನ್ ಗೋ ಎರಡೂ ನಂಬಿಕೆಗೆ ಯೋಗ್ಯ. ಎರಡರಲ್ಲೂ ಪಿಗ್ಮೆಂಟ್ ಮಾಹಿತಿ ಸಿಗುತ್ತದೆ. ಬಿಲ್ಲೆಯೋ ಟ್ಯೂಬೋ ಎಂದರೆ, ಹೊರಗೆ ಹೋಗಿ ಬರೆಯುವವರಿಗೆ ಬಿಲ್ಲೆ, ಮನೆಯಲ್ಲಿ ದೊಡ್ಡದಾಗಿ ಬರೆಯುವವರಿಗೆ ಟ್ಯೂಬ್. ಟ್ಯೂಬಿನ ಬಣ್ಣ ಪ್ಯಾಲೆಟ್ ಮೇಲೆ ಒಣಗಿದರೆ ಕೆರೆದು ಎಸೆಯಬೇಡಿ, ನೀರು ಹಾಕಿದರೆ ಮತ್ತೆ ಏಳುತ್ತದೆ.

ಪೆನ್ಸಿಲ್ ವಿಷಯ ಸುಲಭ. ಎಚ್‌ಬಿ, 2ಬಿ, 4ಬಿ, 6ಬಿ ನಾಲ್ಕೇ ಬೇಕಾದದ್ದು. ಕಡ್ಡಿಯಲ್ಲಿ ಜೇಡಿ ಹೆಚ್ಚಿದ್ದರೆ ಗಟ್ಟಿ, ಗ್ರಾಫೈಟ್ ಹೆಚ್ಚಿದ್ದರೆ ಮೆತ್ತಗೆ, ಕಪ್ಪು. 2ಎಚ್, 4ಎಚ್ ಹಾಳೆಯಲ್ಲಿ ಗೀರು ಬಿಡುತ್ತವೆ, ಮೇಲೆ ಬಣ್ಣ ಬಿದ್ದಾಗ ಆ ಗೀರು ಕಪ್ಪು ಗೆರೆಯಾಗಿ ಏಳುತ್ತದೆ. ಫೇಬರ್ ಕ್ಯಾಸ್ಟೆಲ್ 9000, ಸ್ಟೆಡ್ಲರ್ ಮಾರ್ಸ್ ಲ್ಯುಮೋಗ್ರಾಫ್ ಎರಡರಲ್ಲಿ ಯಾವುದಾದರೂ ಸರಿ. ಬಿಡಿಯಾಗಿ ಕೊಳ್ಳುವಾಗ ತುದಿ ನೋಡಿ, ಕಡ್ಡಿ ಮರದ ನಡುಮಧ್ಯದಲ್ಲಿರಬೇಕು. ಪಕ್ಕಕ್ಕೆ ಸರಿದಿದ್ದರೆ ಮೆಂಡರ್‌ನಲ್ಲಿ ತಿರುವಿದಷ್ಟೂ ಮುರಿಯುತ್ತದೆ. ನೆಲಕ್ಕೆ ಬಿದ್ದ ಪೆನ್ಸಿಲ್‌ನ ಕಡ್ಡಿ ಒಳಗೇ ತುಂಡಾಗಿರುತ್ತದೆ. ಮೆಂಡರ್ ಕೆಟ್ಟಿದೆ ಎಂದು ಬೈಯುವ ಮೊದಲು ಇದು ನೆನಪಿರಲಿ. ರಬ್ಬರ್ ಎರಡು ಬಗೆಯದು ಬೇಕು: ಗೆರೆ ಅಳಿಸಲು ಬಿಳಿ ವಿನೈಲ್, ಛಾಯೆ ತಿಳಿ ಮಾಡಲು ಹಿಟ್ಟಿನಂತೆ ನಾದುವ ನೀಡೆಡ್ ರಬ್ಬರ್. ಎರಡನೆಯದನ್ನು ಉಜ್ಜಬಾರದು, ಒತ್ತಿ ಎತ್ತಬೇಕು. ಜಲವರ್ಣದ ಹಾಳೆಗೆ ಅದೇ ಸರಿ, ವಿನೈಲ್ ಜೋರಾಗಿ ಉಜ್ಜಿದ ಕಡೆ ಗಂಜಿ ಎದ್ದು ಬಣ್ಣ ಕಲೆಯಾಗುತ್ತದೆ.

ಉಳಿದದ್ದಕ್ಕೆ ದುಡ್ಡು ಬೇಡ. ಪ್ಯಾಲೆಟ್‌ಗೆ ಬಿಳಿ ಪಿಂಗಾಣಿ ತಟ್ಟೆ ಸಾಕು, ಹೊಸ ಪ್ಲಾಸ್ಟಿಕ್‌ನಲ್ಲಿ ಬಣ್ಣ ಹನಿಹನಿಯಾಗಿ ಒಡೆದು ಬೆರೆಸಿದ್ದು ಸರಿಯಾಗಿ ಕಾಣುವುದಿಲ್ಲ. ಎರಡು ಲೋಟ ನೀರು, ಒಂದು ತೊಳೆಯಲು, ಇನ್ನೊಂದು ಬಣ್ಣಕ್ಕೆ. ಹಳೆಯ ಹತ್ತಿ ಬಟ್ಟೆ ಒಂದು. ಹಾಳೆಯ ಅಂಚನ್ನು ಹಲಗೆಗೆ ಅಂಟಿಸುವ ಮಾಸ್ಕಿಂಗ್ ಟೇಪ್ ಮಾತ್ರ ಕೊಳ್ಳಬೇಕು. ಹಾಳೆ ಪೂರ್ತಿ ಒಣಗಿದ ಮೇಲೆ ಅದನ್ನು ಚಿತ್ರದಿಂದ ಹೊರಮುಖವಾಗಿ, ಓರೆಯಾಗಿ, ನಿಧಾನವಾಗಿ ಎಳೆಯಿರಿ. ಒದ್ದೆ ಇರುವಾಗ ಎಳೆದರೆ ಹಾಳೆಯ ಸಿಪ್ಪೆಯೂ ಜೊತೆಗೆ ಬರುತ್ತದೆ.

ಅಕ್ರಿಲಿಕ್ ಮಾಡುವವರಿಗೆ ಒಂದೇ ಎಚ್ಚರಿಕೆ: ಅದು ಒಣಗಿದರೆ ಮತ್ತೆ ನೀರಿಗೆ ಕರಗದು, ಆದ್ದರಿಂದ ಅದಕ್ಕೆ ಬೇರೆ ಬ್ರಷ್ ಇಡಿ, ನಡುವೆ ಎದ್ದು ಹೋಗುವುದಾದರೆ ತೊಳೆದೇ ಹೋಗಿ.

ಹತ್ತಿಯ ಹಾಳೆ ಚೆನ್ನಾಗಿದೆಯೆಂದು ಒಂದೇ ಸಲಕ್ಕೆ ರಾಶಿ ಕೊಂಡಿಡಬೇಡಿ. ತೇವ ತಾಗಿದರೆ ಅದರ ಗಂಜಿ ಸಾಯುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ತಿಳಿ ಬಣ್ಣ ಬಳಿದಾಗ ಅಲ್ಲಲ್ಲಿ ಗಾಢ ಚುಕ್ಕೆಗಳು ಮೂಡುತ್ತವೆ, ಅವು ಏನು ಮಾಡಿದರೂ ಹೋಗವು. ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಗೋಡೆಗೆ ತಾಗದಂತೆ ಮಟ್ಟಸವಾಗಿ ಇಡಿ. ಆಗಲೇ ಚುಕ್ಕೆ ಬಿದ್ದ ಹಾಳೆ ಇದ್ದರೆ ಪೆನ್ಸಿಲ್‌ಗೋ ಅಕ್ರಿಲಿಕ್‌ಗೋ ಬಳಸಿ, ಅಲ್ಲಿ ಅದು ತೊಂದರೆ ಕೊಡುವುದಿಲ್ಲ.