ಕುಟುಂಬ ನ್ಯಾಯಾಲಯದ ಹೊರಗೆ ‘ಕಾಗದ ಮಾಡಿಸಿಕೊಡುವವರ’ ಬಗ್ಗೆ ಎಚ್ಚರವಿರಲಿ

ವಕೀಲರನ್ನು ಇಟ್ಟುಕೊಳ್ಳದೆ ಕುಟುಂಬ ನ್ಯಾಯಾಲಯದಲ್ಲಿ ತಾವೇ ಕೇಸು ನಡೆಸಲು ಕಾನೂನಿನ ಅಡ್ಡಿಯೇನೂ ಇಲ್ಲ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಮಿನ ಪ್ರಕಾರ ವಕೀಲರ ಮೂಲಕವೇ ಹಾಜರಾಗುವುದು ಇಲ್ಲಿ ಪಕ್ಷಕಾರರ ಹಕ್ಕಲ್ಲ. ನ್ಯಾಯಾಲಯ ಅನುಮತಿ ಕೊಟ್ಟ ಮೇಲೆ ವಕೀಲರು ವಕಾಲತ್ತು ಹಾಕುತ್ತಾರೆ. ಆದ್ದರಿಂದ ಒಬ್ಬರೇ ಹೋಗುವವರನ್ನು ಹೆದರಿಸುವುದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. ವಕೀಲರೂ ಅಲ್ಲದ, ಪಕ್ಷಕಾರರೂ ಅಲ್ಲದ, ದಾಖಲೆಯಲ್ಲಿ ಎಲ್ಲಿಯೂ ಹೆಸರಿಲ್ಲದ ಮೂರನೆಯವನೊಬ್ಬ ನಡುವೆ ಸೇರಿಕೊಂಡರೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನಲ್ಲಿ ಇದೇ ದಾರಿಯಲ್ಲಿರುವ ಇತರರು ತಿಳಿದಿರಲಿ ಎಂಬುದಷ್ಟೇ ಉದ್ದೇಶ.

ನನ್ನ ಗಂಡ ಕ್ರೌರ್ಯದ ಆರೋಪದ ಮೇಲೆ ವಿಚ್ಛೇದನದ ಅರ್ಜಿ ಹಾಕಿದ್ದರು. ಸಮನ್ಸ್ ಕೈಗೆ ಬಂದ ವಾರದಲ್ಲೇ ಪರಿಚಿತರೊಬ್ಬರ ಮೂಲಕ ಈ ವ್ಯಕ್ತಿಯ ಪರಿಚಯವಾಯಿತು. ಜೆರಾಕ್ಸ್ ಅಂಗಡಿಯೊಂದರ ಮೂಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡಿದ್ದ ಆತ, “ವಕೀಲರಿಗೆ ಯಾಕೆ ಮೇಡಂ ಲಕ್ಷಗಟ್ಟಲೆ ಸುರೀತೀರಿ? ಕಾಗದವೆಲ್ಲ ನಾನು ಮಾಡಿಸಿಕೊಡ್ತೀನಿ, ನೀವು ಹೋಗಿ ನಿಂತ್ಕೊಂಡ್ರೆ ಸಾಕು” ಎಂದ. ತಕರಾರು, ಅಂದರೆ ಗಂಡನ ಅರ್ಜಿಗೆ ನನ್ನ ಲಿಖಿತ ಉತ್ತರ, ಮತ್ತು ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನಡಿ ಮಧ್ಯಂತರ ಜೀವನಾಂಶದ ಅರ್ಜಿ, ಇವೆರಡಕ್ಕೂ ಮುಂಗಡ ಹಣ ಪಡೆದ, ರಸೀದಿ ಕೊಡಲಿಲ್ಲ. ತಕರಾರು ಸಲ್ಲಿಸಲು ಸಮನ್ಸ್ ಜಾರಿಯಾದ ದಿನದಿಂದ 30 ದಿನ, ನ್ಯಾಯಾಲಯ ಒಪ್ಪಿದರೆ 90 ದಿನದವರೆಗೆ ಅವಕಾಶವಿರುತ್ತದೆ. ಆತ ಆ ಗಡುವನ್ನೇ ಮುಂದಿಟ್ಟು ಅವಸರ ಮಾಡಿ, ಕೊನೆಯ ಪುಟಕ್ಕೂ ಪ್ರಮಾಣಪತ್ರಕ್ಕೂ ಮಾತ್ರ ಸಹಿ ಹಾಕಿಸಿಕೊಂಡ. ಉಳಿದ ಪುಟಗಳನ್ನು ‘ಫೈನಲ್ ಮಾಡಿ’ ಸೇರಿಸುವುದಾಗಿ ಹೇಳಿದ. ನನ್ನ ಪ್ರತಿ ಎಲ್ಲಿ ಎಂದು ಕೇಳಿದಾಗಲೆಲ್ಲ ‘ನಾಳೆ’ ಎಂಬ ಉತ್ತರ ಬರುತ್ತಿತ್ತು.

ಮೊದಲ ಪೆಟ್ಟು ಬಿದ್ದದ್ದು ಹಾಜರಾತಿಯಲ್ಲಿ. ಕುಟುಂಬ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಮಿನಂತೆ ರಾಜಿಯ ಪ್ರಯತ್ನಕ್ಕಾಗಿ ನಮ್ಮನ್ನು ಮಧ್ಯಸ್ಥಿಕೆಗೆ ಕಳುಹಿಸಿದ್ದರು. ಅದು ಕೂಡಿಬರಲಿಲ್ಲ. ಮುಂದಿನ ತಾರೀಖಿನ ಹಿಂದಿನ ರಾತ್ರಿ ಆತ ಫೋನ್ ಮಾಡಿ, ನಾಳೆ ಮಧ್ಯಸ್ಥಿಕೆಯ ವರದಿಗಾಗಿ ಮಾತ್ರ ಕೇಸು ಇಟ್ಟಿದ್ದಾರೆ, ನೀವು ಬರುವುದು ಬೇಡ, ನಾನೇ ಮೆಮೊ ಕೊಡಿಸುತ್ತೇನೆ ಎಂದ. ಕೇಸು ಕೂಗಿದಾಗ ಪಕ್ಷಕಾರರು ಇಲ್ಲವೇ ವಕಾಲತ್ತು ಹಾಕಿದ ವಕೀಲರು ಎದ್ದು ನಿಲ್ಲಬೇಕು; ಬೇರೆ ಯಾರು ನಿಂತರೂ ಲೆಕ್ಕಕ್ಕಿಲ್ಲ, ಆತನಂತೂ ಆ ಕಡೆ ತಲೆಯನ್ನೇ ಹಾಕಿರಲಿಲ್ಲ. ಕೆಲವು ದಿನಗಳ ನಂತರ ಇ-ಕೋರ್ಟ್ಸ್ ಆ್ಯಪಿನಲ್ಲಿ ನೋಡಿದಾಗ ನಾನು ಗೈರುಹಾಜರಿಯೆಂದೂ ನನ್ನನ್ನು ಎಕ್ಸ್ ಪಾರ್ಟಿ ಇಟ್ಟಿದ್ದಾರೆಂದೂ, ಅಂದರೆ ನಾನಿಲ್ಲದೆಯೇ ಕೇಸು ಏಕಪಕ್ಷೀಯವಾಗಿ ಮುಂದುವರಿಯುತ್ತದೆಂದೂ ತಿಳಿಯಿತು. ಕೇಳಿದರೆ, “ನಾನು ಬರೀ ಟೈಪ್ ಮಾಡಿಕೊಟ್ಟವನು ಮೇಡಂ” ಎಂದ. ಕಾನೂನಿನ ದೃಷ್ಟಿಯಲ್ಲಿ ಅದು ನಿಜವೇ ಆಗಿತ್ತು ಎಂಬುದು ನನ್ನನ್ನು ಹೆಚ್ಚು ಕೆರಳಿಸಿತು.

ಇನ್ನೂ ದೊಡ್ಡದು ಕಾದಿತ್ತು. ಎಕ್ಸ್ ಪಾರ್ಟಿ ಆದೇಶ ತೆಗೆಸಲೆಂದು ನಾನು ಕಾನೂನು ನೆರವಿನ ಮೂಲಕ ವಕೀಲರನ್ನು ಪಡೆದೆ. ಅವರು ಮೊದಲು ಮಾಡಿದ ಕೆಲಸವೆಂದರೆ ಕಡತದ ದೃಢೀಕೃತ ನಕಲಿಗೆ ಅರ್ಜಿ ಹಾಕಿದ್ದು. ನಕಲು ಬಂದಾಗ ನನ್ನ ಸಹಿಯಿದ್ದ ತಕರಾರಿನ ಆರನೇ ಪ್ಯಾರಾದಲ್ಲಿ ನನ್ನ ಮದುವೆ ತುಮಕೂರಿನ ಯಾವುದೋ ಕಲ್ಯಾಣ ಮಂಟಪದಲ್ಲಿ ನಡೆದಿತ್ತು, ನಾಲ್ಕನೇ ತರಗತಿಯಲ್ಲಿ ಓದುವ ಮಗನೂ ಇದ್ದ. ನನ್ನ ಮದುವೆಯಾದದ್ದು ಮೈಸೂರಿನಲ್ಲಿ, ಇರುವುದು ಅಂಗನವಾಡಿಗೆ ಹೋಗುವ ಮಗಳು. ಇನ್ನಾರದೋ ಕೇಸಿನ ಫೈಲನ್ನು ತೆರೆದು ಹೆಸರುಗಳನ್ನು ಮಾತ್ರ ಬದಲಿಸಿದ್ದ. ಇದನ್ನಾದರೂ ವಿವರಿಸಿ ಹೇಳಬಹುದಿತ್ತು. ಆದರೆ ಜೀವನಾಂಶದ ಅರ್ಜಿಯಲ್ಲಿ ನನಗೆ ಯಾವ ಆದಾಯವೂ ಇಲ್ಲವೆಂದು ಪ್ರಮಾಣ ಮಾಡಿಸಿದ್ದ. ನಾನೋ ಖಾಸಗಿ ಶಾಲೆಯೊಂದರಲ್ಲಿ ಸಂಬಳಕ್ಕೆ ಪಾಠ ಮಾಡುತ್ತೇನೆ, ಅದನ್ನು ಆತನಿಗೆ ಮೊದಲ ದಿನವೇ ಹೇಳಿದ್ದೆ. ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಕೊಟ್ಟ ತೀರ್ಪಿನ ನಂತರ ಜೀವನಾಂಶ ಕೇಳುವವರೂ ಕೊಡಬೇಕಾದವರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು. ಅದರಲ್ಲಿ ನಾನು ಸಂಬಳವನ್ನು ಇದ್ದಂತೆಯೇ ಬರೆದೆ. ಎದುರು ಪಕ್ಷದ ವಕೀಲರಿಗೆ ಬೇಕಾಗಿದ್ದದ್ದೂ ಅದೇ. ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು, “ಎರಡೂ ನಿಮ್ಮದೇ ಸಹಿ ತಾನೆ?” ಎಂದು ಜೀವನಾಂಶದ ಅರ್ಜಿಯ ಪಾಟೀಸವಾಲಿನಲ್ಲಿ ಕೇಳಿದರು. ಹೌದು ಎನ್ನದೆ ಬೇರೆ ದಾರಿ ಇರಲಿಲ್ಲ. ಸುಳ್ಳು ಪ್ರಮಾಣದ ಬಗ್ಗೆ ಕ್ರಮ ಜರುಗಿಸಬೇಕೆಂದು ಅವರು ಹಾಕಿದ ಅರ್ಜಿ ಇನ್ನೂ ಬಾಕಿಯಿದೆ.

ತಕರಾರಿನ ತಪ್ಪುಗಳನ್ನು ತಿದ್ದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೇ ಆದೇಶದ 17ನೇ ನಿಯಮದಡಿ ಅರ್ಜಿ ಹಾಕಬೇಕಾಯಿತು. ಸಾಕ್ಷ್ಯ ಶುರುವಾಗುವ ಮೊದಲು ತಿದ್ದುಪಡಿ ಕೇಳುವುದು ಸುಲಭ. ಶುರುವಾದ ಮೇಲೆ, ಎಷ್ಟೇ ಜಾಗರೂಕತೆ ವಹಿಸಿದ್ದರೂ ಮೊದಲೇ ಕೇಳಲಾಗುತ್ತಿರಲಿಲ್ಲ ಎಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಡಬೇಕು. ಮುಖ್ಯ ಕೇಸಿನ ಸಾಕ್ಷ್ಯ ಶುರುವಾಗುವ ಮೊದಲೇ ನಮ್ಮ ಅರ್ಜಿ ಹಾಕಿದ್ದರಿಂದ ಉಳಿದುಕೊಂಡೆ. ಎಕ್ಸ್ ಪಾರ್ಟಿ ಆದೇಶವೂ ಅದೇ ಸಂಹಿತೆಯ 9ನೇ ಆದೇಶದ 7ನೇ ನಿಯಮದಡಿ ರದ್ದಾಯಿತು, ಖರ್ಚು ಕಟ್ಟಿಸಿಕೊಂಡರು.

ಇಂಥವರು ಸಾಮಾನ್ಯವಾಗಿ ಇನ್ನೊಂದು ಆಸೆಯನ್ನೂ ತೋರಿಸುತ್ತಾರೆ: ಪರಸ್ಪರ ಒಪ್ಪಿಗೆಯಾದರೆ ಒಂದೇ ತಿಂಗಳಲ್ಲಿ ಡಿಕ್ರಿ, ಅಂದರೆ ವಿಚ್ಛೇದನದ ಅಂತಿಮ ಆದೇಶ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ಆರು ತಿಂಗಳ ಕಾಯುವಿಕೆಯನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿರುವುದು ನಿಜ, ಆದರೆ ಮಾಡುವುದೂ ಬಿಡುವುದೂ ನ್ಯಾಯಾಧೀಶರ ವಿವೇಚನೆ; ಟೈಪಿಸ್ಟನೊಬ್ಬ ಅದಕ್ಕೆ ಗ್ಯಾರಂಟಿ ಕೊಡುವುದು ಹೇಗೆ?

ತಾನು ವಕೀಲನೆಂದು ಯಾರಾದರೂ ಹೇಳಿಕೊಂಡರೆ ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿರಿ. ಇಲ್ಲಿ ನೋಂದಾಯಿಸಿದವರದು ‘ಕೆಎಆರ್’ ಎಂದು ಆರಂಭವಾಗುತ್ತದೆ. ವಕೀಲನಲ್ಲದವನು ನ್ಯಾಯಾಲಯದಲ್ಲಿ ವಕೀಲಿಕೆ ನಡೆಸಿದರೆ 1961ರ ವಕೀಲರ ಕಾಯ್ದೆಯ 45ನೇ ಕಲಮಿನಡಿ ಆರು ತಿಂಗಳವರೆಗೆ ಸಜೆಯಿದೆ. ಹಣವಿಲ್ಲದ ಕಾರಣಕ್ಕೆ ಇಂಥವರ ಬಳಿ ಹೋಗುವ ಅಗತ್ಯವೂ ಇಲ್ಲ: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ದೊರೆಯುತ್ತಾರೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಅಂಗವಿಕಲರಿಗೂ ಹಾಗೆಯೇ. ರಾಜ್ಯ ಪ್ರಾಧಿಕಾರದ ಕಚೇರಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ, ಸಹಾಯವಾಣಿ 15100. ಒಬ್ಬರೇ ನಡೆಸುತ್ತೇವೆ ಎನ್ನುವವರು ಅರ್ಜಿಯನ್ನು ತಮಗೆ ಅರ್ಥವಾಗುವ ಕನ್ನಡದಲ್ಲೇ ಬರೆಯಿಸಿ, ಪ್ರತಿ ಪುಟಕ್ಕೂ ತಾವೇ ಸಹಿ ಹಾಕಿ, ಸಲ್ಲಿಸಿದ ಪ್ರತಿಯ ಮೇಲೆ ಕಚೇರಿಯ ಮೊಹರು ಪಡೆದು ಇಟ್ಟುಕೊಳ್ಳಲಿ.

ಈಗಾಗಲೇ ಏಕಪಕ್ಷೀಯ ಡಿಕ್ರಿ ಆಗಿಹೋಗಿದ್ದರೆ ಅದನ್ನು ರದ್ದುಪಡಿಸುವ ಅರ್ಜಿಗೆ ಡಿಕ್ರಿಯ ದಿನದಿಂದ, ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ತಿಳಿದ ದಿನದಿಂದ, 30 ದಿನ ಮಾತ್ರ ಇರುತ್ತದೆ. ವಿಚ್ಛೇದನದ ಡಿಕ್ರಿಯಾಗಿ ಮೇಲ್ಮನವಿಯ ಅವಧಿ ಮುಗಿದರೆ ಎದುರು ಪಕ್ಷದವರು ಮರುಮದುವೆಯಾಗಬಹುದು. ಆದ್ದರಿಂದ ತಮ್ಮ ವಿರುದ್ಧ ಇಂಥ ಡಿಕ್ರಿಯಾದವರು ನಾಳೆಯೇ ಕಾನೂನು ನೆರವಿನ ಕಚೇರಿಗೆ ಹೋಗುವುದು ಒಳ್ಳೆಯದು.